ಕಬ್ಬಿನ ಟ್ರ್ಯಾಕ್ಟರಿಗೆ ಕಾದ ಭಾನುವಾರ

ಆಗಸ್ಟ್ 10, ಭಾನುವಾರ, ಬೆಳಿಗ್ಗೆ ಹತ್ತೂವರೆ. ಮದ್ದೂರಿನ ನಮ್ಮ ಮನೆಯಲ್ಲಿ ಮೈಸೂರಿನ ಗಿರಾಕಿಯೊಬ್ಬರು ಕೈಕಟ್ಟಿ ಕುಳಿತಿದ್ದರು. ಎದುರಿಗೆ, ಅಕ್ಕ ಲೇತ್ ವರ್ಕ್‌ಶಾಪಿನ ಕೆಲಸ ಬಿಟ್ಟು ಮಾಡಿದ ಮೊದಲ ಟರ್ನ್‌ಟೇಬಲ್. ಹಾಡಿನ ರೆಕಾರ್ಡ್ ತಿರುಗಿಸಿ ನುಡಿಸುವ ಯಂತ್ರ; ಬೆಲೆ ಒಂದು ಬೈಕಿನಷ್ಟು. ಇವರು ಕೊಳ್ಳದಿದ್ದರೆ ನಾಳೆಯೇ ಆ ಕೆಲಸಕ್ಕೆ ವಾಪಸ್ ಎಂದಿದ್ದಳು ಅಕ್ಕ.

"ಮನೆ ನಡುಗಿದರೂ ಮುಳ್ಳು ಹಾರಲ್ಲ ಅಂದ್ರಲ್ಲ, ತೋರಿಸಿ" ಎಂದರು ಗಿರಾಕಿ.

ಕಬ್ಬಿನ ಟ್ರ್ಯಾಕ್ಟರ್ ಹೋದಾಗಲೆಲ್ಲ ಅಪ್ಪನ ಹಳೆಯ ರೆಕಾರ್ಡ್ ಪ್ಲೇಯರ್‌ನ ಮುಳ್ಳು ಹಾರುತ್ತಿತ್ತು. ಆ ಸಿಟ್ಟಿಗೇ ಅಕ್ಕ ಇದನ್ನು ಮಾಡಿದ್ದು. ನಾನು ಡೈರಿಯಲ್ಲಿ ಬರೆದಿಟ್ಟ ಲೆಕ್ಕದಂತೆ ಗಂಟೆಗೆ ಆರು ಟ್ರ್ಯಾಕ್ಟರ್ ಹೋಗಬೇಕು. ಅಂದು ಒಂದೂ ಇಲ್ಲ! ಎರಡು ಸಲ ಕಾಫಿಯಾಯಿತು. ಕೊನೆಗೆ ಅವ್ವ ರಸ್ತೆಗೆ ಓಡಿ ಒಂದನ್ನು ಅಡ್ಡಗಟ್ಟಿದಳು.

"ಲೋ, ನಮ್ಮನೆ ಮುಂದೆ ಎಲ್ಡು ಸಲ ಓಗ್ಬುಟ್ಟು ಬಾ. ಮನೆ ಅಲ್ಲಾಡ್ಬೇಕು ಕಣ್ಲಾ!"

"ದಿನಾ ಉಗಿಯೋಳು ಇವತ್ತು ಕರೀತಿದ್ದೀಯಲ್ಲ, ಉಸಾರಾಗಿದ್ದೀಯೇನವ್ವ?" ಎಂದ ಡ್ರೈವರ್. ಆದರೂ ಬಂದ. ಗೋಡೆಯ ಫೋಟೊ ವಾಲಿತು, ಲೋಟಗಳು ಕುಣಿದವು, ಗಿರಾಕಿ ಕುರ್ಚಿಯಿಂದ ಹಾರಿದರು. ತಿರುಗುತ್ತಿದ್ದ ರೆಕಾರ್ಡಿನ ಮೇಲಿನ ಮುಳ್ಳು ಮಾತ್ರ ಹಾರಲಿಲ್ಲ. ಮುಂಗಡ ಅಲ್ಲೇ ಕೈಗೆ ಬಂತು.

ಅಕ್ಕ ಈಗ ನಾಲ್ಕನೆಯದನ್ನು ಮಾಡುತ್ತಿದ್ದಾಳೆ. ಪರೀಕ್ಷೆಗೆ ಅದೇ ಡ್ರೈವರ್ ಬೇಕೆಂದು ಅವ್ವನ ಹಟ. ಆದರೆ ಅವನೀಗ ಈ ದಾರಿಯಲ್ಲಿ ಕಾಣುತ್ತಿಲ್ಲ; ಅಷ್ಟು ದಿನ ಬೈದವಳು ಅವನ ಹೆಸರು ಮಾತ್ರ ಕೇಳಿಲ್ಲ. ಅವನದು ಒಂದೇ ಹೆಡ್‌ಲೈಟಿನ ಕೆಂಪು ಟ್ರ್ಯಾಕ್ಟರ್. ಗೊತ್ತಿದ್ದವರು ಈ ಪತ್ರಿಕೆಗೆ ಬರೆದು ತಿಳಿಸಿ. ಇನ್ನು ಬೈಯುವುದಿಲ್ಲವೆಂದು ಅವ್ವ ಮಾತು ಕೊಟ್ಟಿದ್ದಾಳೆ.