ಬಾವುಟದಿಂದ ಗೋಡೆಗೆ ನಾಲ್ಕು ಕೈ

ಮನೆಯಲ್ಲಿ ಅಣ್ಣ ಅವಳಿಗೆ ಇಟ್ಟ ಹೆಸರು ‘ಕಲಬೆರಕೆ’. ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಫ್ರೀಸ್ಟೈಲ್, ಯಾವುದಕ್ಕೆ ಇಳಿದರೂ ಅವಳಿಗಿಂತ ಮುಂದೆ ಒಬ್ಬಳಾದರೂ ಇರುತ್ತಿದ್ದಳು. ನಾಲ್ಕನ್ನೂ ಒಂದರ ಹಿಂದೊಂದು ಈಜುವ ಮೆಡ್ಲೆಯಲ್ಲಿ ಮಾತ್ರ ಅವಳ ಮುಂದೆ ಬರೀ ನೀರು. “ಒಂದೂ ನೆಟ್ಟಗೆ ಬರಲ್ಲ ಅಂತ ನಾಲ್ಕೂ ಮಾಡ್ತಾಳೆ” ಎಂದು ಅಣ್ಣ ಊಟಕ್ಕೆ ಕೂತಾಗಲೆಲ್ಲ ಹಂಗಿಸುತ್ತಿದ್ದ. ಅವಳ ಪದಕಗಳಿಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡವನೂ ಅವನೇ.

ಒಂಬತ್ತನೆಯ ವಯಸ್ಸಿಗೆ ಕೊಳಕ್ಕೆ ಇಳಿದಾಗ, ಅವಳಿಗೆ ನೀರು ಕುಡಿದಷ್ಟು ಸುಲಭವಾಗಿ ಬಂದದ್ದು ನೀರು ಕುಡಿಯುವುದೊಂದೇ. ಈಗ ಇಪ್ಪತ್ತೊಂಬತ್ತು. ನಡುವಿನ ಇಪ್ಪತ್ತು ವರ್ಷ ಅಮ್ಮ ಅಲಾರಂ ಇಟ್ಟುಕೊಂಡು ದಿನವೂ ನಾಲ್ಕೂವರೆಗೆ ಎಬ್ಬಿಸಿದ್ದಾಳೆ. ಕ್ಲೋರಿನ್‌ಗೆ ಕೂದಲು ಪೊರಕೆಯಾಗಿದೆ. ಬಲಭುಜ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ಎರಡು ಸಲ ರಾಷ್ಟ್ರೀಯ ತಂಡದಲ್ಲಿ ಹೋಗಿಬಂದವಳು, ಆರು ವರ್ಷದಿಂದ ಆಯ್ಕೆಯ ಹೊಸ್ತಿಲಲ್ಲೇ ನಿಂತಿದ್ದಳು. “ಈ ಸಲ ಆಯ್ಕೆ ಆಗದಿದ್ರೆ ಬಿಟ್ಟುಬಿಡ್ತೀನಮ್ಮ” ಎಂದು ಮಾತು ಕೊಟ್ಟಿದ್ದಳು. ಅಮ್ಮ “ಹೂಂ” ಎಂದಳಷ್ಟೆ. ಆ ಹೂಂ ಒಳಗೆ ಎಷ್ಟು ವರ್ಷದ ನಿದ್ದೆ ಬಾಕಿ ಇತ್ತೋ.

ಬೆನ್ನ ಮೇಲೆ ಈಜುವವರಿಗೆ ಗೋಡೆ ಕಾಣುವುದಿಲ್ಲ. ಅದಕ್ಕೇ ಗೋಡೆ ಇನ್ನೂ ಐದು ಮೀಟರ್ ದೂರ ಇರುವಾಗ ಕೊಳಕ್ಕೆ ಅಡ್ಡಲಾಗಿ ಪುಟ್ಟ ಬಾವುಟಗಳ ಹಗ್ಗ ಕಟ್ಟಿರುತ್ತಾರೆ. ಬಾವುಟ ಕಂಡಿತೋ, ಕೈ ಬೀಸುವುದನ್ನು ಎಣಿಸಬೇಕು. ಹದಿನೇಳನೆಯ ವಯಸ್ಸಿನಿಂದ ಅವಳ ಎಣಿಕೆ ನಾಲ್ಕು. ನಾಲ್ಕನೆಯ ಕೈ ಚಾಚಿದರೆ ಗೋಡೆ. ಮೆಡ್ಲೆಯಲ್ಲಿ ಬೆನ್ನ ಮೇಲಿರುವಾಗಲೇ ಗೋಡೆ ಮುಟ್ಟಿ, ಆಮೇಲೆ ಮಗುಚಬೇಕು. ಮೊದಲೇ ಮಗುಚಿದರೆ ಕಥೆ ಮುಗಿಯಿತು.

“ಭುಜ ಸವೆದಿದೆ. ಇನ್ಮೇಲೆ ಐದು ಎಣಿಸು” ಎಂದು ಕೋಚ್ ತಿಂಗಳ ಹಿಂದೆಯೇ ಹೇಳಿದ್ದರು.

“ನಂದು ನಾಲ್ಕೇ ಸಾರ್.”

“ಹುಟ್ಟಿದ ವರ್ಷ ಬದಲಾಗಲ್ಲಮ್ಮ, ಕೈಯೆಣಿಕೆ ಬದಲಾಗತ್ತೆ.”

ಅಭ್ಯಾಸದಲ್ಲಿ ಬೇಜಾರಿನಿಂದಲೇ ಐದು ಎಣಿಸಿದಳು. ಆಯ್ಕೆಯ ದಿನ, ನಾನ್ನೂರು ಮೀಟರ್ ಮೆಡ್ಲೆಯ ಅರ್ಧದಾರಿಯಲ್ಲಿ, ಬ್ಯಾಕ್‌ಸ್ಟ್ರೋಕ್ ಮುಗಿಯುವಲ್ಲಿ, ಬಾವುಟ ತಲೆಯ ಮೇಲೆ ಹಾದುಹೋದಾಗ ಬಾಯಿ ಮುಚ್ಚಿತ್ತು, ಎಣಿಸಿದ್ದು ಮೈ. ನಾಲ್ಕಕ್ಕೆ ಮೈ ಹೊರಳಿತು. ಗೋಡೆ ಇನ್ನೂ ಒಂದು ಗೇಣು ದೂರದಲ್ಲಿತ್ತು. ಮಗುಚಿಕೊಂಡೇ ಮುಟ್ಟಿದಳು, ತಿಳಿದೂ ತಿಳಿಯದವಳಂತೆ ಉಳಿದ ಇನ್ನೂರು ಮೀಟರ್ ಜೀವ ಪಣಕ್ಕಿಟ್ಟು ಈಜಿದಳು.

ಬೋರ್ಡಿನಲ್ಲಿ ಬಿದ್ದದ್ದು ಆರು ವರ್ಷದಲ್ಲಿ ಕಾಣದ ಸಮಯ. ತಂಡಕ್ಕೆ ಧಾರಾಳವಾಗಿ ಸಾಕು. ಮೇಲಿನ ಸಾಲಿನಿಂದ ಅಣ್ಣ “ಕಲಬೆರಕೇ!” ಎಂದು ಕಿರುಚಿದ. ಅಷ್ಟರಲ್ಲಿ ಅವಳು ಈಜಿದ ಲೇನಿನ ತುದಿಯಲ್ಲಿ ಕೂತಿದ್ದ ಕನ್ನಡಕದ ಹುಡುಗಿ, ತೀರ್ಪುಗಾರ್ತಿ, ಚೀಟಿ ಬರೆದುಕೊಟ್ಟಾಗಿತ್ತು. ಹೆಸರಿನ ಮುಂದಿನ ಅಂಕಿ ಹೋಗಿ ‘ಅನರ್ಹ’ ಬಂತು.

ಕೋಚ್ ಮೇಲ್ಮನವಿಯ ಹಾಳೆ ಹಿಡಿದು ಓಡಿಬಂದರು. “ಆ ಹುಡುಗಿ ಹೊಸಬಳು, ಗಟ್ಟಿಯಾಗಿ ಕೇಳಿದ್ರೆ ಹಿಂದೆ ಸರೀತಾಳೆ. ಬೆನ್ನ ಮೇಲೇ ಇದ್ದೆ ಅಂತ ಒಂದ್ಮಾತು ಹೇಳು. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಅವಳು ಟೋಪಿ ಕಳಚಿ ನೀರು ಹಿಂಡಿದಳು. ಆ ಹುಡುಗಿ ಆಚೆ ನಿಂತು ಇವಳನ್ನೇ ನೋಡುತ್ತಿದ್ದಳು.

“ನಾಲ್ಕಕ್ಕೇ ಮಗುಚಿದೆ ಸಾರ್. ಬರೀಬೇಡಿ.”

“ಐದು ಅಂತ ಬಡ್ಕೊಂಡೆ.”

“ಬಡ್ಕೊಂಡ್ರಿ.”

ಕೋಚ್ ಪೆನ್ನಿಗೆ ಮುಚ್ಚಳ ಹಾಕಿದರು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಮುಂದಿನ ಪಂದ್ಯದವರು ಧುಮುಕಿದ ನೀರು ಇಬ್ಬರ ಕಾಲಿಗೂ ಸಿಡಿಯಿತು.

ಸಂಜೆ ಮನೆಯಲ್ಲಿ ಅಣ್ಣ ಒಂದೂ ತಮಾಷೆ ಮಾಡಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಸುಸ್ತೆನಿಸಿತು. ಅಮ್ಮ ಒದ್ದೆ ಟವೆಲ್ ಹರವಿ ಬಂದು, ರೂಢಿಯ ಮೇಲೆ ಅಲಾರಂ ಗಡಿಯಾರ ಕೈಗೆತ್ತಿಕೊಂಡಳು.

“ನಾಳೆ ಎಷ್ಟಕ್ಕೆ?”

“ಎಚ್ಚರ ಆದಾಗ ಏಳ್ತೀನಮ್ಮ.”

ಅಮ್ಮ “ಹೂಂ” ಎಂದಳು. ಆದರೂ ಗಡಿಯಾರ ಹಿಡಿದು ಅಲ್ಲೇ ನಿಂತಿದ್ದಳು. ಕೀಲಿಯನ್ನು ಯಾವ ಕಡೆ ತಿರುಗಿಸಿದರೆ ಅದು ಹೊಡೆಯುವುದಿಲ್ಲ ಎನ್ನುವುದು ಅವಳಿಗೆ ಮರೆತುಹೋಗಿತ್ತು.