ಚಿಮಣಿ ಎಣ್ಣೆಯ ಕೈ

ಬ್ಯಾಡಗಿಯ ಸಿದ್ದವ್ವ ರೊಟ್ಟಿಯನ್ನೂ ಪಲ್ಯದಲ್ಲಿ ಮುರಿದು ಹಾಕಿಕೊಂಡು ಚಮಚದಿಂದ ತಿನ್ನುತ್ತಾಳೆ ಎಂದು ಓಣಿಯವರು ನಗುತ್ತಿದ್ದರು. ದೊಡ್ಡವರ ಮನೆಯ ನಡವಳಿಕೆ ಕಲಿತಿದ್ದಾಳೆಂದು ಅವರ ಲೆಕ್ಕ. ಪಾಪ, ಅವಳಿಗೆ ತನ್ನ ಕೈಯೇ ಹೇಸಿಗೆಯಾಗಿತ್ತು.

ಗಂಡ ತಿರಕಪ್ಪ ಹೊಲಿಗೆ ಮಿಷನ್ ರಿಪೇರಿಯವನು. ಎರಡು ಸಾವಿರದ ನಾಲ್ಕರ ಸುಮಾರಿಗೆ ರೆಡಿಮೇಡ್ ಬಟ್ಟೆಯ ಹಾವಳಿ ಹೆಚ್ಚಾಗಿ, ಹಾವೇರಿ, ರಾಣೆಬೆನ್ನೂರಿನ ಟೇಲರುಗಳು ಹಳೆಯ ಮಿಷನ್‌ಗಳನ್ನು ಮೂಲೆಗೆ ಒಗೆಯುತ್ತಿದ್ದರು. ಇವನು ಅವನ್ನು ತಂದು, ಬಿಡಿ ಸಾಮಾನು ಮಾರಲು ಬಿಚ್ಚುತ್ತಿದ್ದ. ಬಿಚ್ಚುವುದು ಅವನ ಕಸುಬು, ತೊಳೆಯುವುದು ಇವಳ ಹಣೆಬರಹ. ಆ ಮಿಷನ್ನಿನ ಹೊಟ್ಟೆಯೊಳಗಿನ ಹೊಲಸು ನೆನೆದರೆ ಉಂಡದ್ದು ಮೇಲೆ ಬರಬೇಕು. ಯಾವನೋ ಪುಣ್ಯಾತ್ಮ ಮಿಷನ್ ಎಣ್ಣೆ ತರಲು ಬೇಸರವಾಗಿ ಸುರಿದ ಕೊಬ್ಬರಿ ಎಣ್ಣೆ ಕರೀ ಅಂಟಾಗಿರುತ್ತಿತ್ತು. ಅದಕ್ಕೆ ಅರಿವೆಯ ಜುಂಗು ಹತ್ತಿ, ಜಿರಲೆ ಮೊಟ್ಟೆಯಿಟ್ಟು, ಮೇಲೆ ಇಲಿಯ ಹಿಕ್ಕೆ ಬೇರೆ. ಸ್ಕ್ರೂ, ಬಾಬಿನ್ ಕೇಸು, ಶಟಲ್ಲು ಎಲ್ಲವನ್ನೂ ಚಿಮಣಿ ಎಣ್ಣೆಯಲ್ಲಿ ನೆನೆಸಿ ಬ್ರಷ್ಷಿನಿಂದ ಒಂದೊಂದೇ ತಿಕ್ಕಬೇಕು. ಉಗುರಿನ ಸಂದಿ ಸೇರಿದ ಕಪ್ಪಾಗಲಿ, ಎಣ್ಣೆಯ ನಾತವಾಗಲಿ ಹುಣಸೆಹಣ್ಣಿಗೂ ಜಗ್ಗುತ್ತಿರಲಿಲ್ಲ.

ರಾಣೆಬೆನ್ನೂರಿನಲ್ಲಿ ನಾದಿನಿಯ ಮಗನ ಜವಳದ ದಿನ ಹೆಂಗಸರೆಲ್ಲ ರೊಟ್ಟಿ ಬಡಿಯುತ್ತಿದ್ದರು. ನಾದಿನಿ ಮೂಗು ಮುರಿದು ಇವಳ ಕೈಯೊಳಗಿನ ಹಿಟ್ಟನ್ನು ಕಸಿದುಕೊಂಡು, ಎಲ್ಲರೆದುರಿಗೆ ಎಮ್ಮೆಯ ಮುಂದೆ ಇಟ್ಟಳು. ಎಮ್ಮೆ ತಿಂದಿತು. ಅಂದಿನಿಂದ ಸಿದ್ದವ್ವ ತನ್ನ ಕೈಯನ್ನು ಬಾಯಿಯ ಹತ್ತಿರ ತಂದವಳಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಡಬ್ಬಿ ತಿರುಗಿಸುತ್ತ ಶೇಂಗಾ ಹುರಿಯುವುದನ್ನು ನೋಡಿದಾಗ ಅವಳಿಗೆ ಕೈ ಹಚ್ಚದೆ ತೊಳೆಯುವ ದಾರಿ ಹೊಳೆಯಿತು. ಎಣ್ಣೆಯ ತಗಡಿನ ಡಬ್ಬಿ ಅಡ್ಡ ಮಲಗಿಸಿ, ನಡುವೆ ಸರಳು ತೂರಿಸಿ, ಸೈಕಲ್ಲಿನ ಹಳೆಯ ಪೆಡಲನ್ನೇ ಹಿಡಿಕೆ ಮಾಡಿದಳು. ಮೊದಲು ಒಳಗೆ ಹಾಕಿದ ಮಿಷನ್ ಸಾಮಾನೆಲ್ಲ ಅಡಿಯಲ್ಲೇ ಜಾರುತ್ತಿತ್ತು. ಒಳಗೊಂದು ಕಟ್ಟಿಗೆ ಪಟ್ಟಿ ಬಡಿದ ಮೇಲೆ ಎದ್ದೆದ್ದು ಬೀಳತೊಡಗಿತು. ಜೊತೆಗೆ ಹಾಕಿ ಹೊಲಸು ಹೀರಿಸಲು ಮೇಡ್ಲೇರಿಯ ತವರಿನಿಂದ ಕಾಳು ಬಿಡಿಸಿದ ಗೋವಿನಜೋಳದ ದಿಂಡು ತರಿಸಬೇಕೆಂದಳು.

ಅಷ್ಟು ಹೊತ್ತು ನಗುತ್ತಿದ್ದ ತಿರಕಪ್ಪನಿಗೆ ಈಗ ಬುದ್ಧಿವಂತಿಕೆ ಉಕ್ಕಿತು. ಊರ ತುಂಬ ಮೆಣಸಿನ ಬೀಜ, ತೊಟ್ಟು ಪುಕ್ಕಟೆ ಬಿದ್ದಿರುವಾಗ ದಿಂಡು ಯಾಕೆ? ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವಷ್ಟೇ, ಖಾರ ಎಲ್ಲಿಯದು ಎಂದು ಚೀಲಗಟ್ಟಲೆ ತಂದು ಸುರಿದ. ಸಿದ್ದವ್ವ ನಂಬಿ ತಿರುಗಿಸಿದಳು. ಮುಚ್ಚಳ ತೆಗೆದದ್ದೇ ತಡ, ಓಣಿಗೆ ಓಣಿಯೇ ಸೀನಿತು. ಸ್ಕ್ರೂಗಳು ಚಟ್ನಿಯಲ್ಲಿ ಅದ್ದಿದಂತೆ ಕೆಂಪಗೆ ಹೊರಬಂದವು. ಅವನ್ನು ತೊಳೆದ ಅವಳ ಕೈ ದಿನವೆಲ್ಲ ಉರಿಯಿತು. ತಿರಕಪ್ಪ ದೂರ ನಿಂತು, ಬಣ್ಣ ಮಾತ್ರ ಖರೇ ಚಲೋ ಐತಿ ಎಂದ. ಇಂಥ ಗಂಡಸಿಗೆ ಏನು ಹೇಳುವುದು?

ಅವಳು ತವರಿಗೆ ಹೇಳಿಕಳಿಸಿದಳು. ದಿಂಡು ತರಿಸಿ, ಜಜ್ಜಿ, ಒಣಗಿಸಿದಳು. ಸಾಮಾನನ್ನು ಇಕ್ಕಳದಲ್ಲಿ ಎತ್ತಿ ಹಾಕಿ, ಚೂರು ಚಿಮಣಿ ಎಣ್ಣೆ ಚಿಮುಕಿಸಿ ತಿರುಗಿಸಿದಳು. ಹೊಲಸನ್ನೆಲ್ಲ ದಿಂಡು ಕುಡಿಯಿತು. ಜರಡಿ ಹಿಡಿದರೆ ಸ್ಕ್ರೂಗಳು ಬೆಳ್ಳಗೆ ಉದುರಿದವು.

ತಿಂಗಳು ಕಳೆಯುವಷ್ಟರಲ್ಲಿ ಉಗುರು ತಿಳಿಯಾದವು. ಒಂದು ಮಧ್ಯಾಹ್ನ ಅವಳು ಕೈ ಮೂಸಿ ನೋಡಿ, ಚಮಚ ಬದಿಗಿಟ್ಟು, ರೊಟ್ಟಿ ಮುರಿದು ಬಾಯಿಗಿಟ್ಟಳು. ಕಣ್ಣು ತುಂಬಿ ಬಂತು. ಎದುರಿಗೆ ಕೂತ ತಿರಕಪ್ಪನಿಗೂ ಮನಸ್ಸು ಕರಗಿತೋ ಏನೋ, ದೊಡ್ಡ ಮನಸ್ಸು ಮಾಡಿ ಹೇಳಿದ:

"ನಿನಗ ಸುಮ್ನ ಹುಚ್ಚು. ಇಷ್ಟ ವರ್ಷ ನಿನ್ನ ಕೈಲೆ ಉಂಡೇನಿ, ನನಗ ಒಂದ ದಿನಾನೂ ಹೇಸಿಗಿ ಬಂದಿಲ್ಲ."

ಸಿದ್ದವ್ವ ಬಾಯೊಳಗಿನದನ್ನು ನಿಧಾನವಾಗಿ ಅಗಿದು ನುಂಗಿದಳು.

"ಉಣ್ಣಾಕ ಹೇಸಿಗಿ ಬಂದಿಲ್ಲ. ತೊಳಿಯಾಕ ಬಂತು, ಹೌದಿಲ್ಲರಿ?"

ಅವಳು ಇನ್ನೊಂದು ರೊಟ್ಟಿ ಹಾಕಿಕೊಂಡಳು.