ಡ್ರಮ್ಮಿನ ಹಿಂದಿನ ಬೈಗುಳ

ಆ ಬಸ್ ಡಿಪೋದ ಬ್ಯಾಂಡಿಗೆ ಮೇಷ್ಟ್ರುಗಳು ಬರುತ್ತಿದ್ದದ್ದೂ ಹೋಗುತ್ತಿದ್ದದ್ದೂ ಬಸ್ಸುಗಳ ಹಾಗೆಯೇ. ಬರುವಾಗ ಹಾರನ್ನು, ಹೋಗುವಾಗ ಹೊಗೆ. ವರ್ಷಕ್ಕೊಮ್ಮೆ ಎಲ್ಲ ಇಲಾಖೆಗಳ ನಡುವೆ ಕವಾಯತಿನ ಬ್ಯಾಂಡ್ ಸ್ಪರ್ಧೆ ನಡೆಯುತ್ತಿತ್ತು, ವರ್ಷಕ್ಕೊಮ್ಮೆ ಡಿಪೋ ಸೋಲುತ್ತಿತ್ತು, ಸೋತ ತಪ್ಪಿಗೆ ಮೇಷ್ಟ್ರ ತಲೆದಂಡವಾಗುತ್ತಿತ್ತು. ಆಮೇಲೆ ಬಂದವರು ಹಿಂದಿನವರಿಗಿಂತ ಜೋರಾಗಿ ಬೈಯುತ್ತಿದ್ದರು. ಕಲಿಸುವುದೆಂದರೆ ಬೈಯುವುದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಒಬ್ಬರು ತಾಳ ತಪ್ಪಿದಾಗಲೆಲ್ಲ ತಮ್ಮ ಟೋಪಿಯನ್ನೇ ನೆಲಕ್ಕೆ ಬಡಿದು ಬೂಟುಗಾಲಲ್ಲಿ ತುಳಿಯುತ್ತಿದ್ದರು. ಸಿಟ್ಟಿಳಿದ ಮೇಲೆ ಅದನ್ನೇ ಕೊಡವಿ ತಲೆಗೆ ಹಾಕಿಕೊಳ್ಳುತ್ತಿದ್ದರು. ಇನ್ನೊಬ್ಬರು ಬೈದೂ ಬೈದೂ ಗಂಟಲು ಕಳೆದುಕೊಂಡು ಕೊನೆಯ ತಿಂಗಳು ಬರೀ ಕೈಸನ್ನೆಯಲ್ಲಿ ಬೈದರು. ಬಾಯಿಯ ಬೈಗುಳವೇ ವಾಸಿಯಾಗಿತ್ತು ಎಂದು ಹೆಂಗಸರು ಮುಖ ತಿರುಗಿಸಿಕೊಂಡರು. ಮತ್ತೊಬ್ಬರನ್ನು ನೀರು ಸರಬರಾಜಿನವರು ತಮ್ಮ ಬ್ಯಾಂಡಿಗೆ ಎಳೆದುಕೊಂಡು ಹೋದರು. ಅಲ್ಲಿ ಬೈಸಿಕೊಳ್ಳಲು ಹೆಚ್ಚು ಜನರಿದ್ದರಂತೆ.

ಇವರೆಲ್ಲರ ಬೈಗುಳವನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡವನು ಬೆಣ್ಣೆ. ಕೆಲಸ ಟೈರು ವಿಭಾಗದಲ್ಲಿ, ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು. ಆಳು ಎತ್ತರದಲ್ಲೂ ಕಡಿಮೆಯಿಲ್ಲ, ಅಗಲದಲ್ಲೂ ಕಡಿಮೆಯಿಲ್ಲ. ಮನಸ್ಸು ಮಾತ್ರ ಬೆಣ್ಣೆ, ಆ ಹೆಸರೇ ಉಳಿಯಿತು. ಒಮ್ಮೆ ಕಾಲ ಮೇಲೆ ಜಾಕಿ ಬಿದ್ದಾಗ ಅವನು ‘ಅಯ್ಯೋ ಪಾಪ’ ಅಂದದ್ದು ಜಾಕಿಗೆ ಎಂದು ಡಿಪೋದಲ್ಲಿ ಈಗಲೂ ಹೇಳುತ್ತಾರೆ. ಡ್ರಮ್ಮು ಹೆಗಲಿಗೇರಿತೆಂದರೆ ಮೂಗಿನಿಂದ ಮಂಡಿಯವರೆಗೆ ಮನುಷ್ಯನೇ ಮಾಯ. ಮೇಲೊಂದು ಟೋಪಿ, ಕೆಳಗೆರಡು ಕಾಲು, ನಡುವೆ ಚರ್ಮ. ತಡವಾಗಿ ಹೊಡೆಯುತ್ತಾನೆ ಎಂದು ಒಬ್ಬರು ಬೈದರೆ ಬೇಗ ಹೊಡೆಯುತ್ತಾನೆ ಎಂದು ಇನ್ನೊಬ್ಬರು. ಬೆಣ್ಣೆ ಇಬ್ಬರಿಗೂ ‘ಹೂಂ ಸಾರ್’ ಅನ್ನುತ್ತಿದ್ದ.

ಟೋಪಿ ಮೇಷ್ಟ್ರು ಹೋದ ಮೇಲೆ ಬಂದವರು ಒಬ್ಬ ಸಣ್ಣ ಮೈಯ ಮುದುಕರು. ಅವರಿಗೆ ಬೈಯಲು ಬರುತ್ತಿರಲಿಲ್ಲ. ಯಾರಾದರೂ ತಪ್ಪಿದರೆ ಹತ್ತಿರ ಹೋಗಿ, ಮಲಗಿದ ಮಗುವಿನ ಪಕ್ಕ ಮಾತಾಡುವ ಹಾಗೆ, “ಇನ್ನೊಂದ್ಸಲ ನೋಡೋಣ್ವಾ?” ಎಂದು ಕೇಳುತ್ತಿದ್ದರು. ಮೊದಲ ವಾರ ಎಲ್ಲರೂ ಇದನ್ನು ಯಾವುದೋ ಭಯಂಕರ ಬೈಗುಳದ ಪೀಠಿಕೆಯೆಂದು ತಿಳಿದು ನಡುಗಿದರು. ಅದರ ಹಿಂದೆ ಏನೂ ಬರಲಿಲ್ಲ. ಎರಡನೆಯ ವಾರ ಒಂದು ಸಂಜೆ ಅವರು ಡ್ರಮ್ಮಿನ ಪಕ್ಕ ನಿಂತು ಸ್ವಲ್ಪ ಹೊತ್ತು ಕೇಳಿ, “ನಿಮ್ಮ ಕೈ ಚೆನ್ನಾಗಿದೆ” ಅಂದರು.

ಬೆಣ್ಣೆ ಮನೆಗೆ ಹೋಗಿ ಹೆಂಡತಿಗೆ ಹೇಳಿದ. “ಯಾವ ಕೈ?” ಅಂದಳು ಅವಳು. ಅವನಿಗೂ ಗೊತ್ತಿರಲಿಲ್ಲ. ಊಟ ಮಾಡುವಾಗ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅಷ್ಟು ವರ್ಷ ಡ್ರಮ್ಮು ಹೊತ್ತವನಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಈ ಮೇಷ್ಟ್ರು ಇಲ್ಲಿಂದ ಹೋಗಬಾರದು ಎಂದು ಅವನು ಆ ರಾತ್ರಿಯೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ.

ಆದರೆ ಇಡುವುದು ತೆಗೆಯುವುದು ಮ್ಯಾನೇಜರ ಕೈಯಲ್ಲಿತ್ತು. ಅವರ ಕೋಣೆ ಮಹಡಿಯ ಮೇಲೆ, ಕಿಟಕಿ ಮೈದಾನದ ಕಡೆಗೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಅನ್ನುತ್ತಾರಲ್ಲ, ಕೋಣವಾದರೂ ಕಿವಿ ಅಲ್ಲಾಡಿಸುತ್ತದೆ. ಬ್ಯಾಂಡಿಗೂ ಕೆಟ್ಟ ಗೇರ್‌ಬಾಕ್ಸಿಗೂ ಇರುವ ವ್ಯತ್ಯಾಸ ಅವರಿಗೆ ತಿಳಿಯುತ್ತಿರಲಿಲ್ಲ. ಪಾಠ ಹೇಗೆ ನಡೆಯುತ್ತಿದೆ ಎಂದು ಅವರು ಅಳೆಯುತ್ತಿದ್ದದ್ದು ಬೈಗುಳದ ಸದ್ದಿನಿಂದ. ಹದಿನೈದು ದಿನವಾದರೂ ಕೆಳಗಿನಿಂದ ಒಂದು ‘ಕತ್ತೆ’ಯೂ ಕೇಳಿಸದಾಗ ಮುದುಕರನ್ನು ಕರೆಸಿ, “ನೀವು ಕಲಿಸ್ತಾ ಇದ್ದೀರಾ, ಇಲ್ಲ ಅವರ ಜೊತೆ ನಿದ್ದೆ ಮಾಡ್ತಾ ಇದ್ದೀರಾ? ಹೀಗೇ ಆದ್ರೆ ಟೋಪಿಯವರನ್ನೇ ವಾಪಸ್ ಕರೆಸ್ತೀನಿ” ಅಂದರು.

ಸುದ್ದಿ ಕೇಳಿ ಬ್ಯಾಂಡಿನವರು ಟೈರು ಗೋದಾಮಿನಲ್ಲಿ ಸಭೆ ಸೇರಿದರು. ಕಂಚಿನ ತಾಳ ಬಡಿಯುವ ಕಂಡಕ್ಟರಮ್ಮ ಟೈರಿನ ರಾಶಿ ಏರಿ ಕೂತು ತೀರ್ಪು ಕೊಟ್ಟಳು. “ಅವರಿಗೆ ಬೇಕಾಗಿರೋದು ಬೈಗುಳ ತಾನೆ? ನಾವೇ ಒದಗಿಸೋಣ. ನಾನೇ ಬೈತಿದ್ದೆ, ಆದ್ರೆ ಹೆಂಗಸಿನ ದನಿ ಅಂತ ಗೊತ್ತಾಗುತ್ತೆ. ಮುಖ ಕಾಣದೆ ಇರೋನು ಒಬ್ಬ ಬೇಕು.”

ಎಲ್ಲರೂ ಡ್ರಮ್ಮಿನ ಕಡೆ ನೋಡಿದರು. ಬೆಣ್ಣೆ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

ಮನೆಯಲ್ಲಿ ತಾಲೀಮು ಶುರುವಾಯಿತು. ದಿಂಬನ್ನು ಗೋಡೆಗೆ ಒರಗಿಸಿ ಅದನ್ನು ಬೈಯಬೇಕು, ಹೆಂಡತಿ ತಿದ್ದಬೇಕು. “ಏನ್ರೀ ಇದು, ದಿಂಬಿನ ಹತ್ರ ಸಾಲ ಕೇಳೋ ಹಾಗೆ ಬೈತೀರಾ? ಬೈಯೋದು ಬಟ್ಟೆ ಒಗೆದ ಹಾಗೆ. ಎತ್ತಬೇಕು, ಬಡೀಬೇಕು.” ಅವಳು ಒಂದು ಮಾದರಿ ಕೊಟ್ಟಳು. ಮದುವೆಯಾದಾಗಿನಿಂದ ತಾನು ಎಷ್ಟು ಸುಖವಾಗಿದ್ದೆ ಎಂದು ಬೆಣ್ಣೆಗೆ ಆಗ ಗೊತ್ತಾಯಿತು.

ಮರುದಿನ ಮೈದಾನದಲ್ಲಿ ಅವನ ಬಾಯಿಂದ ಬಂದ ಮೊದಲ ಬೈಗುಳ, “ದಯವಿಟ್ಟು ಕತ್ತೆಗಳಾ!”

ಮೊದಲ ಸಾಲಿನವರಿಗೆ ನಗು ತಡೆಯಲಾಗದೆ ಕೊಳಲುಗಳು ಕುದುರೆಯ ಹಾಗೆ ಕೆನೆದವು. ಆದರೂ ಮಹಡಿಯ ಕಿಟಕಿ ಅರ್ಧ ತೆರೆಯಿತು. ಬೆಣ್ಣೆಗೆ ಧೈರ್ಯ ಬಂತು. ಹಳೆಯ ಮೇಷ್ಟ್ರುಗಳೆಲ್ಲ ಹೊಟ್ಟೆಯಲ್ಲೇ ಇದ್ದರಲ್ಲ, ಒಬ್ಬೊಬ್ಬರನ್ನೇ ಹೊರಗೆ ಬಿಟ್ಟ. “ಕಾಲಾ ಅದು, ಕಳೆದುಹೋದ ಊರುಗೋಲಾ?” “ಊದ್ತಿದ್ದೀಯಾ, ಆಕಳಿಸ್ತಿದ್ದೀಯಾ?” ಕಿಟಕಿ ಪೂರ್ತಿ ತೆರೆಯಿತು. ಮ್ಯಾನೇಜರು ಮೊಣಕೈ ಊರಿ ನಿಂತು ತಲೆದೂಗಿದರು. ಆ ಸಂಜೆ ಮೇಷ್ಟ್ರಿಗೆ ಮಹಡಿಯಿಂದ ಚಹಾ ಬಂತು.

ಮೇಷ್ಟ್ರು ಚಹಾ ಹಿಡಿದುಕೊಂಡು ಡ್ರಮ್ಮಿನ ಹತ್ತಿರ ಬಂದರು. “ಇದು ಬೇಡ” ಅಂದರು. ಅವರು ಅದನ್ನೂ ಮೆಲ್ಲಗೇ ಅಂದದ್ದರಿಂದ ಯಾರಿಗೂ ಅದು ಬೇಡವೆಂಬ ಹಾಗೆ ಕೇಳಿಸಲಿಲ್ಲ.

ಬೈಯುತ್ತಾ ಬೈಯುತ್ತಾ ಬೆಣ್ಣೆಗೆ ರುಚಿ ಹತ್ತಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅವನಿಗೆ ಬಹಳ ಇಷ್ಟವಾಯಿತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ ಎಲ್ಲರಿಗೂ ದಾರಿ ಬಿಟ್ಟು ನಿಂತ ಮನುಷ್ಯ. ಈಗ ತಾನು ಬಾಯಿ ಬಿಟ್ಟರೆ ಇಡೀ ಸಾಲು ಬೆನ್ನು ನೆಟ್ಟಗೆ ಮಾಡುತ್ತದೆ! ಹಳೆಯ ಬೈಗುಳ ಮುಗಿದ ಮೇಲೆ ಹೊಸದನ್ನು ಹೊಸೆಯತೊಡಗಿದ. ಟೈರು ಉರುಳಿಸುವಾಗ ತನ್ನಷ್ಟಕ್ಕೆ ನಗುತ್ತಿದ್ದ. ಎಲುಬಿಲ್ಲದ ನಾಲಿಗೆ, ಅದಕ್ಕೆ ನಿಲ್ಲುವ ಜಾಗ ಯಾರು ಹೇಳಬೇಕು?

ಬ್ಯಾಂಡಿನಲ್ಲಿ ತುತ್ತೂರಿ ಊದುವವನು ವರ್ಕ್‌ಶಾಪಿನ ಮೆಕ್ಯಾನಿಕ್, ಬೆಣ್ಣೆಯ ಜೀವದ ಗೆಳೆಯ. ಮಧ್ಯಾಹ್ನದ ಡಬ್ಬಿ ಇಬ್ಬರದೂ ಒಂದೇ. ಅವನ ಹೆಂಡತಿ ತವರಿಗೆ ಹೋಗಿ ಬಹಳ ದಿನವಾಗಿತ್ತು. ತಾಯಿಯ ಆರೈಕೆಗೆ ಎಂದು ಡಿಪೋ ನಂಬಿತ್ತು. ನಿಜವೇನೆಂದು ಅವನು ಬೆಣ್ಣೆಯೊಬ್ಬನಿಗೆ ಹೇಳಿಕೊಂಡಿದ್ದ. ಮನೆಯಲ್ಲಿ ಬೆಳಿಗ್ಗೆ ಸಂಜೆ ಅವನ ಊದಾಟ ಸಹಿಸಲಾಗದೆ ಅವಳು ಜಗಳ ಮಾಡಿಕೊಂಡು ಹೋಗಿದ್ದಳು. ಹೇಳುವಾಗ ಅವನ ಕಣ್ಣು ತುಂಬಿತ್ತು. ಬೆಣ್ಣೆಯದೂ ತುಂಬಿತ್ತು.

ಸ್ಪರ್ಧೆಗೆ ಒಂದು ವಾರ ಇರುವಾಗ ತುತ್ತೂರಿಯವನು ಒಂದು ಕಡೆ ಸ್ವರ ತಪ್ಪಿದ. ಕಿಟಕಿಯಲ್ಲಿ ಮ್ಯಾನೇಜರಿದ್ದರು. ಬೆಣ್ಣೆಗೆ ಹುರುಪು ಬಂದಿತ್ತು. “ಲೋ, ನಿನ್ನ ಊದಾಟ ತಡೀಲಾರದೆ ಹೆಂಡ್ತಿ ಗಂಟು ಕಟ್ಕೊಂಡು ಹೋದ್ಲು. ನಾವೆಲ್ಲಿಗೋ ಹೋಗೋಣ?”

ಸಾಲಿಗೆ ಸಾಲೇ ನಕ್ಕಿತು. ಮಹಡಿಯಿಂದ ಚಪ್ಪಾಳೆ ಕೇಳಿಸಿತು. ತುತ್ತೂರಿಯವನು ನಗಲಿಲ್ಲ. ಅವನು ತಿರುಗಿ ಡ್ರಮ್ಮನ್ನೇ ನೋಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತುತ್ತೂರಿಯನ್ನು ಮೆತ್ತಗೆ ಬೆಂಚಿನ ಮೇಲಿಟ್ಟು ಅವನು ವರ್ಕ್‌ಶಾಪಿಗೆ ನಡೆದುಬಿಟ್ಟ. ನಗು ಒಂದೊಂದಾಗಿ ನಿಂತಿತು.

ಮರುದಿನ ಅವನು ಅಭ್ಯಾಸಕ್ಕೆ ಬರಲಿಲ್ಲ. ಮಧ್ಯಾಹ್ನ ಡಬ್ಬಿ ಹಂಚಿಕೊಳ್ಳಲೂ ಬರಲಿಲ್ಲ. ಬೆಣ್ಣೆ ವರ್ಕ್‌ಶಾಪಿಗೆ ಹೋಗಿ ನಿಂತರೆ ಬಸ್ಸಿನಡಿ ಜಾರಿಕೊಂಡ. ಕಾಣಿಸಿದ್ದು ಎರಡು ಚಪ್ಪಲಿ ಮಾತ್ರ. ಬೆಣ್ಣೆ ಚಪ್ಪಲಿಗಳಿಗೇ ಕ್ಷಮೆ ಕೇಳಿದ. ಚಪ್ಪಲಿಗಳು ಇನ್ನಷ್ಟು ಒಳಗೆ ಹೋದವು.

ಆವತ್ತು ಮೇಷ್ಟ್ರು ಡ್ರಮ್ಮಿನ ಎದುರು ಬಂದು ನಿಂತರು. ಮುಖ ಕೆಂಪಾಗಿತ್ತು. ದನಿ ಮಾತ್ರ ಎಂದಿನಷ್ಟೇ. “ನಾನು ಉಳಿಯೋದಕ್ಕೆ ಆ ತುತ್ತೂರಿಯವರು ಹೋಗಬೇಕಾ? ನಾಳೆ ಇಲ್ಲಿ ಯಾರಿಗಾದ್ರೂ ಒಂದು ಬೈಗುಳ ಬಿದ್ರೆ ನಾನೇ ಬಿಟ್ಟು ಹೋಗ್ತೀನಿ.”

ಅತ್ತ ದರಿ ಇತ್ತ ಪುಲಿ. ಬೈದರೆ ಮೇಷ್ಟ್ರು ಹೋಗುತ್ತಾರೆ, ಬೈಯದಿದ್ದರೆ ಮ್ಯಾನೇಜರು ಕಳಿಸುತ್ತಾರೆ. ಬೆಣ್ಣೆಗೆ ಆ ದಿನ ಊಟ ಸೇರಲಿಲ್ಲ. ಹೆಂಡತಿ ಕಾರಣ ಕೇಳಿದಳು, ಪೂರ್ತಿ ಹೇಳಿದ. ಅವಳು ಹಿಂದೆ ಯಾವ ದಿಂಬಿಗೂ ಬೈಯದಷ್ಟು ಅವನಿಗೆ ಬೈದಳು. ಬೈಸಿಕೊಳ್ಳುತ್ತಾ ಬೈಸಿಕೊಳ್ಳುತ್ತಾ ಬೆಣ್ಣೆಗೆ ದಾರಿ ಹೊಳೆಯಿತು.

ಮರುದಿನ ಅಭ್ಯಾಸ ಶುರುವಾದೊಡನೆ ಡ್ರಮ್ಮಿನ ಹಿಂದಿನಿಂದ ಗುಡುಗಿತು. “ಏ ಡ್ರಮ್ಮಿನವನೇ! ಹೌದು, ನಿನಗೇ! ಇಷ್ಟು ದೊಡ್ಡ ಹೊಟ್ಟೇಲಿ ಒಬ್ಬ ಗೆಳೆಯನ ಮಾತು ಇಟ್ಕೊಳ್ಳೋಕೆ ಜಾಗ ಇರಲಿಲ್ವೇನೋ?” ಎಲ್ಲರೂ ಹೆಜ್ಜೆ ತಪ್ಪಿದರು. “ಚರ್ಮದ ಹಿಂದೆ ಅಡಗಿಕೊಂಡು ಬೈಯೋ ಹೇಡಿ! ಅವನು ನಿನ್ನ ಹತ್ರ ಅತ್ತಿದ್ದು ನೀನು ಮೈದಾನದಲ್ಲಿ ಸಾರಲಿ ಅಂತಾನಾ? ಥೂ ನಿನ್ನ!” ಆಮೇಲೆ ತನ್ನ ತಡವಾದ ಏಟು, ದಪ್ಪ ಚರ್ಮ, ಉಂಡ ಡಬ್ಬಿ, ತಿಂದ ಋಣ, ಯಾವುದನ್ನೂ ಬಿಡಲಿಲ್ಲ. ದನಿ ಬಿರಿಯಿತು, ಆದರೂ ನಿಲ್ಲಿಸಲಿಲ್ಲ. ‘ಯಾರಿಗಾದ್ರೂ’ ಅನ್ನುವುದರಲ್ಲಿ ಇವನೂ ಸೇರಿದನೇ ಎಂದು ಮೇಷ್ಟ್ರು ಯೋಚಿಸುತ್ತಾ ನಿಂತುಬಿಟ್ಟರು.

ವರ್ಕ್‌ಶಾಪಿನಲ್ಲಿ ಸುತ್ತಿಗೆಯ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿಗೆ ತುತ್ತೂರಿಯವನು ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಬಂದ. ಯಾರನ್ನೂ ನೋಡದೆ, ಯಾರನ್ನೂ ಮಾತಾಡಿಸದೆ ತನ್ನ ಜಾಗದಲ್ಲಿ ನಿಂತು ಊದತೊಡಗಿದ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಎರಡು ದಿನ ಈ ಬೈಗುಳ ಕೇಳಿದ ಮ್ಯಾನೇಜರು ಮೇಷ್ಟ್ರನ್ನು ಕರೆಸಿದರು. “ಭೇಷ್! ಆದ್ರೆ ನೀವು ಇಷ್ಟು ಗಂಟಲು ಹರಕೊಳ್ತಿರೋದು ಒಬ್ಬನಿಗೋಸ್ಕರ ಅಲ್ವಾ? ಆ ಡ್ರಮ್ಮಿನವನು ಇಡೀ ಬ್ಯಾಂಡನ್ನ ಹಾಳು ಮಾಡ್ತಿದ್ದಾನೆ. ಅವನನ್ನ ತೆಗೆದುಹಾಕಿ.”

ಮೇಷ್ಟ್ರು ಬಿಳಿಚಿಕೊಂಡು ಕೆಳಗೆ ಬಂದು ವಿಷಯ ಹೇಳಿ, “ಈಗಲೇ ಹೋಗಿ ನಿಜ ಹೇಳಿಬಿಡ್ತೀನಿ” ಅಂದರು.

ಬೆಣ್ಣೆ ಅವರ ದಾರಿಗೆ ಅಡ್ಡ ನಿಂತ. ಅವನು ಅಡ್ಡ ನಿಂತರೆ ದಾರಿ ಉಳಿಯುವುದಿಲ್ಲ. “ದಮ್ಮಯ್ಯ ಸಾರ್, ನನ್ನನ್ನ ತೆಗೀರಿ. ಬೈಸಿಕೊಳ್ಳೋನೇ ಹೋದ್ಮೇಲೆ ಬೈಗುಳ ಯಾಕೆ ಅಂತ ಅವರೇ ಸುಮ್ಮನಾಗ್ತಾರೆ. ನೀವು ನಿಮ್ಮ ಪಾಡಿಗೆ ಮೆಲ್ಲಗೆ ಕಲಿಸಬಹುದು.” ಹೇಳುವಾಗ ಅವನ ಕೈ ಡ್ರಮ್ಮಿನ ಪಟ್ಟಿಯನ್ನೇ ಸವರುತ್ತಿತ್ತು. ಆ ಡ್ರಮ್ಮು ಬಿಟ್ಟರೆ ಅವನಿಗೆ ಬೇರೆ ಸುಖವಿರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಂಡಕ್ಟರಮ್ಮ ಮೂಗೊರೆಸಿಕೊಂಡು ಧೂಳನ್ನು ಬೈದಳು.

ಹಾಗೆಯೇ ಆಯಿತು. ಮೈದಾನದಲ್ಲಿ ಬೈಗುಳ ನಿಂತಿತು. ಕೆಟ್ಟವನು ತೊಲಗಿದ್ದರಿಂದ ಬಂದ ಶಾಂತಿ ಇದು ಎಂದು ಮ್ಯಾನೇಜರು ಕಿಟಕಿಯಲ್ಲಿ ನಿಂತು ಸುಖಪಟ್ಟರು. ಡ್ರಮ್ಮಿನವನಿಲ್ಲದ ಬ್ಯಾಂಡಿನಲ್ಲಿ ಡ್ರಮ್ಮಿನ ಏಟು ಹೇಗೆ ಕೇಳಿಸುತ್ತಿದೆ ಎಂದು ಅವರಿಗೆ ಅನ್ನಿಸಲೇ ಇಲ್ಲ. ಟೈರು ಗೋದಾಮಿನ ಬಾಗಿಲ ಸಂದಿಯಲ್ಲಿ ಬೆಣ್ಣೆ ಕೂತು ಹಿಂಚಕ್ರದ ಟೈರಿಗೆ ಬಾರಿಸುತ್ತಿದ್ದ.

ಸ್ಪರ್ಧೆಯ ದಿನ ಡ್ರಮ್ಮಿನ ಹಿಂದೆ ಯಾರೋ ಇದ್ದರು. “ಹೊಸಬನಾ?” ಎಂದು ಮ್ಯಾನೇಜರು ಕೇಳಿದರು. ಟೋಪಿಯನ್ನು ಹುಬ್ಬಿನವರೆಗೆ ಇಳಿಸಿದ ಹೊಸಬ ಮಂಡಿ ಬಗ್ಗಿಸಿ ನಿಂತು, ಕುಳ್ಳಗೆ ಕಾಣಲು ಒದ್ದಾಡುತ್ತಿದ್ದ. ಕಂಡಕ್ಟರಮ್ಮ, “ಹೌದು ಸಾರ್, ನಾಚಿಕೆ ಸ್ವಭಾವ” ಅಂದಳು.

ಡಿಪೋಗೆ ಮೂರನೇ ಬಹುಮಾನ ಬಂತು. ಟೋಪಿ ಮೇಷ್ಟ್ರು ಆ ಹೊತ್ತಿಗೆ ನೀರು ಸರಬರಾಜಿನವರ ಕಡೆ ಸೇರಿದ್ದರು. ಫಲಿತಾಂಶ ಕೇಳಿ ಟೋಪಿ ತೆಗೆದು ನೆಲಕ್ಕೆ ಬಡಿದರು. ಮ್ಯಾನೇಜರು ವೇದಿಕೆ ಏರಿ ಮೈಕು ಹಿಡಿದರು. “ಸೋಲಿಗೆ ಮೇಷ್ಟ್ರುಗಳೇ ಕಾರಣ ಅಂತ ವರ್ಷ ವರ್ಷ ಅವರನ್ನ ಬದಲಾಯಿಸಿದೆ. ಅದು ತಪ್ಪು. ಕಾರಣ ಒಬ್ಬ ಡ್ರಮ್ಮಿನವನು. ಅವನನ್ನ ಕಿತ್ತುಹಾಕಿದೆ, ಬಹುಮಾನ ಬಂತು! ಇನ್ನು ಮುಂದೆ ಈ ಮೇಷ್ಟ್ರು ನಮ್ಮ ಡಿಪೋದಲ್ಲೇ ಇರ್ತಾರೆ.”

ಮೇಷ್ಟ್ರು ತಲೆ ತಗ್ಗಿಸಿ ನಿಂತಿದ್ದರು. ಸಭೆ ಚಪ್ಪಾಳೆ ತಟ್ಟುವ ಮೊದಲೇ ಡ್ರಮ್ಮಿಗೆ ಒಂದು ಏಟು ಬಿತ್ತು. ಯಾವ ತಾಳಕ್ಕೂ ಸೇರದ, ಯಾರೂ ಕೇಳದಿದ್ದ, ತಡೆಯಲಾರದ ಒಂದು ಏಟು. ವೇದಿಕೆಯ ಮೇಲಿದ್ದವರೆಲ್ಲ ಬೆಚ್ಚಿ ತಿರುಗಿದರು.

ಪಕ್ಕದಲ್ಲಿ ತುತ್ತೂರಿ ಹಿಡಿದು ನಿಂತವನು, ಆ ದಿನದಿಂದ ಬೆಣ್ಣೆಯೊಡನೆ ಒಂದು ಮಾತೂ ಆಡದವನು, ಎದುರು ನೋಡುತ್ತಲೇ ಬಾಯಿ ತೆರೆದ.

“ಕತ್ತೆ” ಅಂದ. “ನಾಳೆ ಡಬ್ಬಿ ತಾ.”